ಅಂಚು ಕಚ್ಚಿದ ವಡೆ

ಇವತ್ತು ಬೆಳಿಗ್ಗೆ ಮೊಮ್ಮಗ ಬೆಂಗಳೂರಿನಿಂದ ಹೊಸ ಹೆಂಡತಿಯನ್ನು ಕರೆದುಕೊಂಡು ಮನೆಗೆ ಬಂದ. ಬರುವ ದಾರಿಯಲ್ಲಿ ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಂಡಿದ್ದ. ಪೊಟ್ಟಣ ಬಿಚ್ಚಿದ್ದೇ ತಡ, ಕರಿದ ಈರುಳ್ಳಿಯ ವಾಸನೆ ನಡುಮನೆಯನ್ನೆಲ್ಲ ತುಂಬಿತು. ನಾನು ಓದುತ್ತಿದ್ದ ಪತ್ರಿಕೆ ಕೈಜಾರಿತು, ಕನ್ನಡಕ ಎಲ್ಲಿಟ್ಟೆನೋ ಈಗಲೂ ಸಿಕ್ಕಿಲ್ಲ.

ಗಂಡಹೆಂಡಿರ ನಡುವೆ ಒಂದು ಜಗಳ ಬಸ್ಸಿನಿಂದಲೇ ಜೊತೆಗೆ ಇಳಿದು ಬಂದಿತ್ತು. ಅಷ್ಟು ದೊಡ್ಡ ಊರಿನಲ್ಲಿ ಇಬ್ಬರೇ ಹೋಗಿ ಕೂತು ತಿನ್ನಲು ಒಳ್ಳೆಯ ಜಾಗ ಯಾವುದು? ಅವನಿಗೆ ರುಚಿ ಮುಖ್ಯ. ಅವಳಿಗೆ ಯಾರೂ ದಿಟ್ಟಿಸದ, ಮಂದ ಬೆಳಕಿನ, ಮಾತಾಡಲು ಆಗುವಂಥ ಮೂಲೆ ಬೇಕು. ಕೊನೆಗೆ ಆ ಹುಡುಗಿ ನನ್ನ ಕಡೆ ತಿರುಗಿ, ನಿಮ್ಮ ಕಾಲದಲ್ಲಿ ಈ ತಾಪತ್ರಯವೇ ಇರಲಿಲ್ಲ ಅಲ್ಲವೇ ತಾತ ಎಂದಳು. ಇರಲಿಲ್ಲವೇ! ಬಾಯಿಗೆ ಹೋಗುತ್ತಿದ್ದ ವಡೆಯನ್ನು ತಟ್ಟೆಗಿಟ್ಟೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಸ್ವಲ್ಪ ಹತ್ತಿರ ಬನ್ನಿ.

ಅದು ಎರಡನೆಯ ಮಹಾಯುದ್ಧದ ಕಾಲ. ನಾನು ಮಳವಳ್ಳಿಯ ಸ್ಕೂಲಿನಲ್ಲಿ ಮೇಷ್ಟ್ರು, ಮನೆ ಪೂರಿಗಾಲಿಯಲ್ಲಿ. ಕೆಂಪಮ್ಮನನ್ನು ಮದುವೆಯಾಗಿ ಎಂಟು ತಿಂಗಳಾಗಿತ್ತು. ಈ ಎಂಟು ತಿಂಗಳಲ್ಲಿ ಅವಳು ನಗುವುದನ್ನು ನೋಡಿದ್ದೆ, ಅಳುವುದನ್ನು ನೋಡಿದ್ದೆ, ಕೋಳಿ ಅಟ್ಟಿಸಿಕೊಂಡು ಓಡುವುದನ್ನೂ ನೋಡಿದ್ದೆ. ಆದರೆ ಅವಳು ಊಟ ಮಾಡುವುದನ್ನು ಒಂದು ಸಲವೂ ನೋಡಿರಲಿಲ್ಲ. ನಮ್ಮ ಮನೆಯ ಪದ್ಧತಿ ಹಾಗಿತ್ತು. ಗಂಡಸರು ಉಂಡು ಎದ್ದ ಮೇಲೆ ಹೆಂಗಸರು ಒಳಗೆ ಕೂರಬೇಕು, ಅದೂ ಹೆಂಡತಿ ಗಂಡ ಉಂಡ ಎಲೆಯಲ್ಲೇ ಉಣ್ಣಬೇಕು. ಅಷ್ಟರಲ್ಲಿ ನಾನು ಸೈಕಲ್ ಹತ್ತಿ ಮಳವಳ್ಳಿ ದಾರಿಯಲ್ಲಿರುತ್ತಿದ್ದೆ. ಅವಳಿಗೆ ಯಾವುದು ಇಷ್ಟ, ಖಾರ ಹತ್ತಿದರೆ ಮುಖ ಹೇಗಾಗುತ್ತದೆ, ಒಂದೂ ನನಗೆ ಗೊತ್ತಿರಲಿಲ್ಲ. ಇದೇನು ದೊಡ್ಡ ಕೊರತೆ ಎಂದು ನೀವು ನಗಬಹುದು. ನನಗಂತೂ ಅದೊಂದು ಗೀಳಾಗಿ ಹೋಗಿತ್ತು.

ಹೀಗಿರುವಾಗ ಆಷಾಢ ಹತ್ತಿರ ಬಂತು. ಹೊಸ ಸೊಸೆ ಆ ತಿಂಗಳು ತವರಿನಲ್ಲಿರಬೇಕು. ಅವಳ ತವರು ಮದ್ದೂರಿನ ಆಚೆಯ ಚಿಕ್ಕರಸಿನಕೆರೆ. ಬಿಟ್ಟುಬರುವ ಕೆಲಸವನ್ನು ಅವ್ವ ನನಗೇ ಒಪ್ಪಿಸಿದಳು. ಒಂದು ಇಡೀ ಹಗಲು ನಾವಿಬ್ಬರೇ! ಆಮೇಲೆ ಒಂದು ತಿಂಗಳು ಮುಖ ನೋಡುವಂತಿಲ್ಲ. ನೋಡಿದರೆ ಅವತ್ತೇ ನೋಡಬೇಕು, ಅದಕ್ಕೆ ಮಂಡ್ಯವೇ ಸರಿ ಎಂದು ತೀರ್ಮಾನಿಸಿದೆ. ಪೂರಿಗಾಲಿಯವರಿಗೆ ಆಗ ಮಂಡ್ಯವೇ ಮಹಾಪಟ್ಟಣ. ರೈಲು, ಕರೆಂಟು ದೀಪ, ಸಕ್ಕರೆ ಕಾರ್ಖಾನೆಯ ಹೊಗೆ ಕೊಳವೆ, ಬೀದಿಗೊಂದು ಹೋಟೆಲು. ಮದ್ದೂರಿಗೆ ಹೋಗಲು ಮಂಡ್ಯ ಯಾಕೆ ಸುತ್ತಬೇಕೆಂದು ಅವ್ವ ಕೇಳಿದಳು. ರೈಲಿನಲ್ಲಾದರೆ ಮೈಕೈ ನೋಯುವುದಿಲ್ಲ ಎಂದೆ. "ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂಗಾಯ್ತು ಕಣ್ಲಾ ನಿಂದು" ಎಂದು ಅವ್ವ ಸುಮ್ಮನಾದಳು. ಅವಳಿಗೆ ಏನೋ ವಾಸನೆ ಹೊಡೆದಿತ್ತೆಂದು ನನಗೆ ಇವತ್ತಿಗೂ ಅನುಮಾನ.

ಜಾಗದ ವಿಚಾರದಲ್ಲಿ ನನಗಿದ್ದ ಗುರು ರಹೀಮ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಆ ದಿನಗಳಲ್ಲಿ ಮಳವಳ್ಳಿಯ ಬಸ್ಸಿಗೆ ಅವನೇ ಮೆಕ್ಯಾನಿಕ್ಕು. ಬಸ್ಸು ಕೆಟ್ಟು ನಿಂತ ಊರಲ್ಲೆಲ್ಲ ತಿಂಡಿ ತಿಂದು ಅವನ ನಾಲಿಗೆ ಪಳಗಿತ್ತು. ಮಸಿ ಕೈ ಒರೆಸಿಕೊಳ್ಳುತ್ತ ನನ್ನ ಸಮಸ್ಯೆಯನ್ನು ಗಂಭೀರವಾಗಿ ಕೇಳಿದ.

"ಮೇಷ್ಟ್ರೇ, ತಿಂಡಿ ಚೆನ್ನಾಗಿರೋ ಕಡೆ ಜನ ಮುತ್ಕಂಡಿರ್ತಾರೆ. ಜನ ಇಲ್ದಿರೋ ಕಡೆ ತಿಂಡಿ ಚೆನ್ನಾಗಿರಾಕಿಲ್ಲ. ಎರಡೂ ಬೇಕು ಅಂದ್ರೆ ರೈಲ್ ಟೇಸನ್ಗೇ ಓಗ್ಬೇಕು. ಅಲ್ಲಿ ಯಾರೂ ಯಾರ್ನೂ ನೋಡಾಕಿಲ್ಲ ಬುಡಿ."

ಗಂಟುಮೂಟೆ, ಕೂಲಿಗಳ ನಡುವೆ ಎಂಥ ಸರಸ ಎಂದು ನಾನು ಅವನ ಮಾತನ್ನು ತಳ್ಳಿಹಾಕಿದೆ. ಇಂಗ್ಲಿಷ್ ಓದಿದವನಲ್ಲವೇ ನಾನು!

ಹಿಂದಿನ ಭಾನುವಾರವೇ ಮಂಡ್ಯಕ್ಕೆ ಹೋಗಿ ಒಬ್ಬನೇ ಹೋಟೆಲು ಪರೀಕ್ಷೆ ಮಾಡಿದೆ. ಸ್ಕೂಲ್ ಇನ್‌ಸ್ಪೆಕ್ಟರರು ನನ್ನ ತರಗತಿಯನ್ನು ಅಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸಿದವರಲ್ಲ. ಮೊದಲನೆಯದರಲ್ಲಿ ಇಡ್ಲಿ ಮಲ್ಲಿಗೆಯಂತಿತ್ತು, ಆದರೆ ಗೋಡೆಯುದ್ದಕ್ಕೂ ಕನ್ನಡಿ. ಒಬ್ಬರು ನೋಡಿದರೆ ನಾಲ್ವರು ನೋಡಿದಂತೆ. ಎರಡನೆಯದರ ಉಪ್ಪಿಟ್ಟನ್ನು ನೆನೆಸಿಕೊಂಡರೆ ಈಗಲೂ ನೀರೂರುತ್ತದೆ, ಆದರೆ ಅಲ್ಲಿ ಹೆಂಗಸರು ಕಾಲಿಟ್ಟ ಕುರುಹೇ ಇರಲಿಲ್ಲ. ಕಾಫಿಗೆ ಮಾತ್ರ ಎರಡೂ ಕಡೆ ಬೆಲ್ಲ. ಊರಿಗೆ ಊರೇ ಸಕ್ಕರೆ ಪಾಕದಂತೆ ಘಮಗುಡುತ್ತಿದ್ದರೂ ಲೋಟಕ್ಕೆ ಒಂದು ಚಮಚ ಗತಿಯಿಲ್ಲ! ನಾಲ್ಕು ಲೋಟ ಬೆಲ್ಲದ ಕಾಫಿ ಹೊಟ್ಟೆಗಿಳಿದ ಮೇಲೆ ಮೂರನೆಯ ಹೋಟೆಲು ಸಿಕ್ಕಿತು. ಒಳಗೆ ಮೂಲೆಯಲ್ಲಿ ಹಲಗೆ ಬಡಿದು ಮಾಡಿದ ಸಣ್ಣ ಕೋಣೆ, ಮುಂದೆ ಹಸಿರು ಪರದೆ, ಮೇಲೆ 'ಫ್ಯಾಮಿಲಿ ರೂಮ್' ಎಂಬ ಬರಹ. ಗೂಡಿನಂಥ ಕಿಟಕಿಯಿಂದ ಒಂದು ತುಂಡು ಆಕಾಶ. ದೋಸೆಯೂ ಗರಿಗರಿ. ಬರುವಾಗ ಬಸ್ಸಿನಲ್ಲಿ ನಿಂತೇ ಬಂದೆ, ನಿಂತದ್ದು ತಿಳಿಯಲಿಲ್ಲ.

ಆ ದಿನ ಬಂತು. ಕೆಂಪಮ್ಮ ನೇರಳೆ ಸೀರೆ ಉಟ್ಟು ಬುತ್ತಿಯ ಗಂಟಿಲ್ಲದೆ ಹೊರಟಿದ್ದಳು. ಬುತ್ತಿ ಬೇಡವೆಂದು ನಾನೇ ಹಟ ಹಿಡಿದಿದ್ದೆ. ಪರದೆಯ ಒಳಗೆ ಎದುರುಬದುರು ಕೂತೆವು. ಎರಡು ಎಲೆ, ಎರಡು ದೋಸೆ, ಮೇಲೆ ಕರಗುವ ಬೆಣ್ಣೆ. ನಾನು ಪರೀಕ್ಷೆಗೆ ಕೂತವನಂತೆ ನೆಟ್ಟಗಾದೆ. ತಿನ್ನು ಎಂದೆ. ಅವಳು ತಲೆ ಬಗ್ಗಿಸಿ, ನೀವು ಮೊದಲು ಎಂದಳು. ಸರಿ, ಬೇಗ ತಿಂದು ಮುಗಿಸಿದರೆ ಅವಳು ಶುರುಮಾಡುತ್ತಾಳೆಂದು ಗಬಗಬ ತಿಂದೆ. ಕೊನೆಯ ತುತ್ತು ನುಂಗಿದ್ದೇ, ತನ್ನ ದೋಸೆಯನ್ನು ನನ್ನ ಎಲೆಗೆ ಹಾಕಿಕೊಳ್ಳಲು ಅವಳು ಕೈ ನೀಡಿದಳು. ಅಷ್ಟರಲ್ಲಿ ಪರದೆಯ ಸಂದಿಯಿಂದ ಒಂದು ಕೈ ತೂರಿಬಂದು ನನ್ನ ಎಲೆಯನ್ನು ಮಡಿಚಿ ಎತ್ತಿಕೊಂಡು ಹೋಗಿಬಿಟ್ಟಿತು. ಹೋಟೆಲಿನ ಮಾಣಿಗೆ ಅದೇ ಶುಚಿತನ, ಪಾಪ, ಅವನಿಗೇನು ಗೊತ್ತು?

ಕೆಂಪಮ್ಮ ನನ್ನ ಮುಂದಿನ ಖಾಲಿ ಜಾಗ ನೋಡಿದಳು, ನನ್ನನ್ನು ನೋಡಿದಳು.

"ಎಲೆ ಓಯ್ತಲ್ಲ. ಇನ್ಯಾತ್ರಲ್ಲಿ ಉಣ್ಲಿ?"

ನಿನ್ನೆದುರಿಗೇ ಎಲೆ ಇದೆಯಲ್ಲ ಎಂದೆ. ಬೇಡಿಕೊಂಡೆ. ಮದುವೆಯಾಗಿ ವರ್ಷ ತುಂಬುವವರೆಗೆ, ಗಂಡ ಜೊತೆಗಿದ್ದಾಗ ಅವನ ಎಲೆ ಬಿಟ್ಟು ಬೇರೆ ಎಲೆಯಲ್ಲಿ ಉಣ್ಣುವುದಿಲ್ಲವೆಂದು ತನ್ನ ಅವ್ವನಿಗೆ ಮಾತು ಕೊಟ್ಟಿದ್ದಾಳಂತೆ. ರೈಲಿನ ಹೊತ್ತಾಗಿತ್ತು. ಅನ್ನ ಚೆಲ್ಲಬಾರದೆಂದು ಅವಳೇ ಒತ್ತಾಯಿಸಿ ಎರಡನೆಯ ದೋಸೆಯನ್ನೂ ನನಗೇ ತಿನ್ನಿಸಿದಳು. ಹಸಿದ ಹೆಂಡತಿಯ ಎದುರು ಎರಡು ದೋಸೆ ತಿಂದ ಗಂಡ ಮಂಡ್ಯದಲ್ಲಿ ನಾನೊಬ್ಬನೇ ಇರಬೇಕು. ನನಗೆ ನನ್ನ ಮೇಲೆ ಅಸಹ್ಯ ಹುಟ್ಟಿತು.

ಅವಳ ದೋಸೆಯಿಂದ ನಾನು ಒಂದು ತುತ್ತು ಮುರಿದಿದ್ದರೆ ಆ ಎಲೆಯೂ ನನ್ನ ಎಂಜಲೆಲೆಯೇ ಆಗುತ್ತಿತ್ತಲ್ಲ! ಈ ಉಪಾಯ ಹೊಳೆದದ್ದು ರೈಲು ಹನಕೆರೆ ದಾಟಿದ ಮೇಲೆ. ನನ್ನ ಬುದ್ಧಿ ಯಾವತ್ತೂ ಮುಂದಿನ ಸ್ಟೇಷನ್ನಿನಲ್ಲೇ ಹತ್ತುವುದು.

ಮುಂದಿನ ಸ್ಟೇಷನ್ನು ಮದ್ದೂರು. ಅಲ್ಲಿಂದಾಚೆಗೆ ಅವಳ ಅಣ್ಣ ಗಾಡಿ ಕಟ್ಟಿಕೊಂಡು ಬರುತ್ತಾನೆ, ಮುಗಿಯಿತು ನನ್ನ ಆಟ. ರೈಲು ನಿಲ್ಲುವ ಮೊದಲೇ ಇಳಿದೆನೋ ಏನೋ, ವಡೆಯವನ ಬುಟ್ಟಿಗೆ ಮುಗಿಬಿದ್ದಿದ್ದ ಜನದೊಳಗೆ ನುಗ್ಗಿದೆ. ಬಾಳೆಎಲೆಯಲ್ಲಿ ಎರಡು ವಡೆ, ಮುಟ್ಟಿದರೆ ಕೈ ಸುಡುತ್ತಿದ್ದವು. ಅಲ್ಲೇ ನಿಂತು ಎರಡರ ಅಂಚನ್ನೂ ಒಂದೊಂದು ಸಲ ಕಚ್ಚಿದೆ. ವಡೆಯವನು ನನ್ನನ್ನು ಹುಚ್ಚನನ್ನು ನೋಡಿದಂತೆ ನೋಡಿದ. ಕಲ್ಲು ಬೆಂಚಿನ ಮೇಲೆ ಕೂತಿದ್ದ ಕೆಂಪಮ್ಮನ ಕೈಗೆ ಎಲೆ ಇಟ್ಟು, ನಂದು ತಿಂದಾಯಿತು, ಭಾವ ಬಂದನೋ ನೋಡಿ ಬರುತ್ತೇನೆ ಎಂದು ಹೊರಟೆ.

ನಾಲ್ಕು ಹೆಜ್ಜೆ ಹೋಗಿ ಕಂಬದ ಹಿಂದೆ ನಿಂತೆ.

ಮೊದಲು ಅವಳು ಆಚೀಚೆ ನೋಡಿದಳು. ಎಲ್ಲರ ಕಣ್ಣೂ ರೈಲಿನ ಮೇಲೆ, ವಡೆಯ ಮೇಲೆ. ರಹೀಮ ಹೇಳಿದ್ದು ಅಕ್ಷರಶಃ ನಿಜ! ನಾನು ಕಚ್ಚಿದ ಜಾಗದಿಂದಲೇ ಅವಳು ಶುರುಮಾಡಿದಳು. ಮೊದಲ ವಡೆ ಎಲ್ಲಿ ಹೋಯಿತೋ ಕಾಣಲಿಲ್ಲ, ಅಷ್ಟು ಹಸಿದಿದ್ದಳು. ಆಮೇಲೆ ಸ್ವಲ್ಪ ನನ್ನ ಕಡೆಗೆ ತಿರುಗಿ ಕೂತಳು. ಬಿಸಿಲು ಕಣ್ಣಿಗೆ ಹೊಡೆಯಿತೆಂದುಕೊಂಡೆ. ಎರಡನೆಯದನ್ನು ಎಷ್ಟು ನಿಧಾನವಾಗಿ ತಿಂದಳು! ಕೆಂಪಗಾದ ಈರುಳ್ಳಿ ಎಸಳನ್ನು ಬಿಡಿಸಿ ಮೊದಲು ಬಾಯಿಗಿಟ್ಟಳು. ಮೆಣಸಿನಕಾಯಿ ಸಿಕ್ಕಿ ಒಂದು ಕಣ್ಣು ಮುಚ್ಚಿದಳು. ಅಂಗೈಗೆ ಉದುರಿದ ಪುಡಿಯನ್ನು ಒಟ್ಟು ಮಾಡಿ ಬಾಯಿಗೆ ಎಸೆದುಕೊಂಡು ತನ್ನಷ್ಟಕ್ಕೆ ನಕ್ಕಳು. ಕಂಬ ತಬ್ಬಿಕೊಂಡು ನಿಂತಿದ್ದ ನನಗೆ ಕುಣಿಯಬೇಕೆನಿಸಿತು. ಹಿಂದೆಂದೂ ಅಷ್ಟು ಸಂತೋಷಪಟ್ಟವನಲ್ಲ ನಾನು.

ರೈಲು ಹೊರಟಿತು, ಭಾವ ಬಂದ. ಊಟ ಆಯಿತೇ ಎಂದು ತಂಗಿಯನ್ನು ಕೇಳಿದ. ಮಂಡ್ಯದ ಓಟ್ಲಲ್ಲಿ ದ್ವಾಸೆ ತಿಂದೊ ಎಂದು ಅವಳು ಕಣ್ಣು ಮಿಟುಕಿಸದೆ ಹೇಳಿದಳು. ಕಂಬದ ಗುಟ್ಟನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ, ಅವಳಿಗೂ.

ಇವತ್ತು ಹೇಳಿ ಮುಗಿಸಿದಾಗ ಮೊಮ್ಮಗನ ಹೆಂಡತಿ ಕೆನ್ನೆಗೆ ಕೈಯಿಟ್ಟು ಕೂತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಕೆಂಪಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ನಾನು ಕಾಣೆ.

"ಕಂಬ ಎಷ್ಟು ದಪ್ಪ ಇತ್ತು, ನೀವೆಷ್ಟು ದಪ್ಪ ಇದ್ರಿ? ಅರ್ಧ ಅಂಗಿ ಈಚೆಗೇ ಕಾಣ್ತಿತ್ತು" ಎಂದಳು. ಸೆರಗಿಗೆ ಕೈ ಒರೆಸಿಕೊಂಡು, ನನ್ನನ್ನು ನೋಡದೆ ಮಾತು ಮುಂದುವರಿಸಿದಳು. "ಮೊದಲ್ನೇದು ಅಸ್ವಿಗೆ ತಿಂದೆ. ಎರಡನೇದು ನೀವು ನೋಡ್ಲಿ ಅಂತ ತಿಂದೆ."

ಮಕ್ಕಳಿಬ್ಬರೂ ನನ್ನ ಮುಖ ನೋಡಿದರು. ನಮ್ಮವ್ವ ಹೋಗಿ ಎಷ್ಟೋ ವರ್ಷವಾಗಿದ್ದರೂ ಕೆಂಪಮ್ಮ ಇವತ್ತಿಗೂ ನಾನು ಉಂಡ ಮೇಲೇ ಉಣ್ಣುವುದು. ಬೇಡವೆಂದು ನಾನೂ ಒಂದು ದಿನ ಬಾಯಿಬಿಟ್ಟು ಹೇಳಿದವನಲ್ಲ. ತಟ್ಟೆಯಲ್ಲಿದ್ದ ವಡೆಯನ್ನು ಎತ್ತಿ ಅವಳ ಮುಂದೆ ಹಿಡಿದೆ. ನೀನು ಮೊದಲು ಕಚ್ಚು ಎಂದೆ. ಮಕ್ಕಳ ಮುಂದೆ ಎಂಥದಿದು ಎಂದು ಗೊಣಗಿದಳು, ಆದರೂ ಬಂದು ಪಕ್ಕದಲ್ಲಿ ಕೂತು ಅಂಚು ಕಚ್ಚಿದಳು. ಆಮೇಲೆ ಅವಳು ಕಚ್ಚಿದ ಜಾಗದಿಂದಲೇ ನಾನು ಶುರುಮಾಡಿದೆ.