ಸುಟ್ಟ ಪೇಟೆಯ ಮುಂದೆ ಒಂದು ಪರದೆ

ಅಣ್ಣಿಗೇರಿಯ ನಮ್ಮ ಪೇಟೆಗೆ ಬೆಂಕಿ ಬಿದ್ದ ಮರುದಿನ ತೆಗೆಸಿದ ಫೋಟೋಗಳು ಮೊನ್ನೆ ಟ್ರಂಕಿನಲ್ಲಿ ಸಿಕ್ಕವು. ಹುಡುಕಿದರೂ ಬೆಂಕಿ ಕಾಣದು. ಎಲ್ಲರ ಹಿಂದೆಯೂ ಜಲಪಾತ, ಗುಲಾಬಿ ತೋಟ, ಒಂದು ಹಂಸ.

ಇದೆಲ್ಲ ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಫೋಟೋ ಕಾಕಾರ ಕರಾಮತ್ತು. ಮದುವೆಯಿರಲಿ, ಶಾಲೆಯ ಗುಂಪಿರಲಿ, "ಗದ್ದ ಎತ್ರಿ, ಒಂದೀಟ ನಗ್ರಿ" ಎನ್ನದೆ ಅವರು ಗುಂಡಿ ಒತ್ತಿದವರಲ್ಲ. ಕಿಸೆಯಲ್ಲಿ ಸದಾ ಬಾಚಣಿಗೆ. ಊರ ಗೌಡರ ಕ್ರಾಪನ್ನೂ ತಾವೇ ತಿದ್ದುವರು.

ಆ ದಿನ ಪರಿಹಾರ ಕೊಡುವ ಸಾಹೇಬರಿಗೆ ಹಾನಿಯ ಫೋಟೋ ಬೇಕೆಂದು ಅಂಗಡಿಕಾರರು ಅವರನ್ನು ಕರೆದರು. ಕಾಕಾ ಸ್ಟುಡಿಯೋದ ಚಿತ್ರ ಬರೆದ ಪರದೆ ಹೊತ್ತು ಬಂದರು. ನಮ್ಮ ಮೆಣಸಿನಕಾಯಿ ಅಂಗಡಿಯ ಬೂದಿಯ ಮುಂದೆ ಅದನ್ನು ಕಟ್ಟಿ, ಕೆಮ್ಮುತ್ತಿದ್ದ ಅಪ್ಪನ ಮುಖಕ್ಕೆ ಪೌಡರ್ ಹಚ್ಚಿದರು.

"ಅಲ್ರೀ, ಸುಟ್ಟದ್ದು ಕಾಣಬೇಕಲ್ರೀ!" ಎಂದರು ಅಪ್ಪ.

"ಸುಟ್ಟದ್ದನ್ನ ಸಾಹೇಬ್ರು ಬಂದು ನೋಡ್ಲಿ. ಫೋಟೋ ನಿಮ್ಮ ಮನ್ಯಾಗ ಇರೂದೈತಿ. ಗದ್ದ ಎತ್ರಿ!"

ಅಪ್ಪ ಬೈಯುತ್ತಲೇ ಗದ್ದ ಎತ್ತಿದರು, ನಕ್ಕರು ಕೂಡ. "ಇದ್ರಾಗ ಹಾನಿ ಎಲ್ಲೈತ್ರಿ?" ಎಂದು ಆಮೇಲೆ ಸಾಹೇಬರು ಫೋಟೋಗಳ ಇಡೀ ಕಟ್ಟನ್ನು ವಾಪಸ್ ಕಳಿಸಿದರು.

ಕೊನೆಯ ಫೋಟೋದಲ್ಲಿ ಮಾತ್ರ ಕಾಕಾ ತಾವೇ ನಿಂತಿದ್ದಾರೆ. ಗುಂಡಿ ಒತ್ತಿದ್ದು ಅಪ್ಪ. ಅಪ್ಪನಿಗೆ ಕಾಕಾರಂತೆ ಅಂಚು ಮರೆಮಾಚಲು ಗೊತ್ತಿರಲಿಲ್ಲ. ಹಾಗಾಗಿ ಪರದೆಯ ಬಲ ಅಂಚು ಕಾಣುತ್ತದೆ: ಎರಡನೆಯ ಹಂಸ ಅರ್ಧ ಸುಟ್ಟಿದೆ. ಬೆಂಕಿಯಿಂದ ಕಾಕಾರ ಸ್ಟುಡಿಯೋದಲ್ಲಿ ಉಳಿದದ್ದು ಆ ಪರದೆ ಮತ್ತು ಕ್ಯಾಮೆರಾ, ಅಷ್ಟೇ.

ಕಾಕಾ ತಲೆ ಬಾಚಿಲ್ಲ. ಗದ್ದ ಎತ್ತಿರಿ ಎಂದು ಅವರಿಗೆ ಹೇಳಲು ಅಪ್ಪನಿಗೆ ಹೊಳೆದೇ ಇಲ್ಲ.