ಎಂಟನೇ ಚಿತ್ರ

ನನ್ನ ಹಲ್ಲು ಮುಂದೆ ಬಂದಿದೆ ಎಂದು ನನಗೆ ಗೊತ್ತಾದದ್ದು ಒಂಬತ್ತನೇ ಕ್ಲಾಸಿನಲ್ಲಿ. ಅಲ್ಲಿಯವರೆಗೆ ಮನೆಯಲ್ಲಿ ಕನ್ನಡಿ ಇರಲಿಲ್ಲವೆಂದಲ್ಲ. ಕನ್ನಡಿಯಲ್ಲಿ ಕಾಣುತ್ತಿದ್ದುದು ನನ್ನ ಮುಖ. ಅದರಲ್ಲಿ ಹಲ್ಲನ್ನು ಬೇರೆಯಾಗಿ ನೋಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಹೇಳಿಕೊಡಲು ಬಂದವರು ದಂತವೈದ್ಯ ಕಾಲೇಜಿನ ಹುಡುಗ ಹುಡುಗಿಯರು. ಬೈಂದೂರು ಕಡೆಯ ನಮ್ಮ ಹೈಸ್ಕೂಲಿಗೆ ವ್ಯಾನಿನಲ್ಲಿ ಬಂದು, ಜಗಲಿಯಲ್ಲಿ ಬೆಂಚು ಹಾಕಿಸಿ, ಒಬ್ಬೊಬ್ಬರ ಬಾಯಿ ತೆರೆಸಿ ಹಲ್ಲು ಅಳೆದರು. ಆಮೇಲೆ ಒಬ್ಬಳು ನನ್ನೆದುರು ಒಂದು ಕಾರ್ಡು ಹಿಡಿದಳು. ಅದರಲ್ಲಿ ಹತ್ತು ಬಾಯಿಗಳ ಚಿತ್ರ. ಮೊದಲನೆಯದು ಚೆಂದದ ಹಲ್ಲು, ಹತ್ತನೆಯದು ತೀರಾ ಕೆಟ್ಟದ್ದು.

"ನಿನ್ನದು ಯಾವುದರ ಹಾಗಿದೆ, ತೋರಿಸು" ಎಂದಳು.

ನಾನು ಧೈರ್ಯವಾಗಿ ಎರಡನೆಯದರ ಮೇಲೆ ಬೆರಳಿಟ್ಟೆ. ಅವಳು ಪಕ್ಕದವನ ಮುಖ ನೋಡಿ ನಕ್ಕು, "ಎಂಟು" ಎಂದು ಗಟ್ಟಿಯಾಗಿ ಹೇಳಿ ಬರೆಸಿದಳು. ಸಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು. ಶಾಲೆ ಬಿಡುವಷ್ಟರಲ್ಲಿ ನನ್ನ ಹೆಸರೇ ಎಂಟು ಎಂದಾಗಿತ್ತು.

ಹೋಗುವಾಗ ಒಂದು ಚೀಟಿ ಕೊಟ್ಟರು: ಮೇಲಿನ ಎರಡು ಹಲ್ಲು ತೆಗೆಸಿ, ಉಳಿದವಕ್ಕೆ ಕ್ಲಿಪ್ಪು ಹಾಕಿಸಬೇಕು. ನನಗೆ ಆ ಕ್ಲಿಪ್ಪು ಬೇಕಿತ್ತು. ಅಷ್ಟು ಬೇಕೆನಿಸಿದ್ದು ಜೀವನದಲ್ಲಿ ಇನ್ನೊಂದಿಲ್ಲ. ದುಡ್ಡಿನ ತಾಪತ್ರಯವೂ ಇರಲಿಲ್ಲ, ಅಪ್ಪಯ್ಯನಿಗೆ ಮುಂಬೈಯಲ್ಲಿ ಹೋಟೆಲಿತ್ತು. ಆದರೆ ಚೀಟಿ ಓದಿ ಹೇಳಿದ್ದೇ ತಡ, ಅಜ್ಜಿ ಎದೆ ಬಡಿದುಕೊಂಡರು.

"ಮೇಲಿನ್ ಹಲ್ಲ್ ತೆಗ್ದ್ರೆ ಕಣ್ಣ್ ಹೋತ್ತ್! ಕುರ್ಡಿನ್ ಯಾರ್ ಮದಿ ಆತ್ರ್?" ಕಣ್ಣಿಗಿಂತ ನನ್ನ ಮದುವೆಯದೇ ಅವರಿಗೆ ಚಿಂತೆ.

ಅಪ್ಪಯ್ಯನಾದರೂ ಬುದ್ಧಿ ಹೇಳಿಯಾರು ಎಂದು ಫೋನಿಗೆ ಕಾದು ಕುಳಿತೆ. ಲೋಕ ಕಂಡವರಲ್ಲವೇ!

"ಅಜ್ಜಿ ಹೇಳ್ದಾಂಗ್ ಕೇಣ್ ಮಗಾ. ಹೆಣ್ ಮಕ್ಳ್ ಬಾಯ್ ಮುಚ್ಕಂಡಿದ್ರೆ ಹಲ್ಲ್ ಯಾರಿಗ್ ಕಾಣತ್ತ್?" ಎಂದರು.

ಸರಿ, ಮುಚ್ಚಿಕೊಂಡೆ. ಗ್ರೂಪ್ ಫೋಟೋದಲ್ಲಿ ತುಟಿ ಬಿಗಿದು ನಿಂತೆ. ಪ್ರತಿವರ್ಷ ಭಾಷಣ ಸ್ಪರ್ಧೆಗೆ ಮೊದಲು ಹೆಸರು ಕೊಡುತ್ತಿದ್ದವಳು ಆ ವರ್ಷ ಕೊಡಲೇ ಇಲ್ಲ. ಹುಡುಗಿ ಈಗ ಗಂಭೀರವಾಗಿದ್ದಾಳೆ ಎಂದು ಟೀಚರ್ ಹೊಗಳಿದರು. ಅಳೆದು ಹೋದ ಕಾಲೇಜಿನವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಇಪ್ಪತ್ತಮೂರನೇ ವಯಸ್ಸಿನಲ್ಲಿ ಬ್ರಹ್ಮಾವರ ಕಡೆಯಿಂದ ಹುಡುಗನ ಮನೆಯವರು ನನ್ನನ್ನು ನೋಡಲು ಬಂದರು. ಶಿರಾ ಕೊಟ್ಟೆ. ಕೇಳಿದ್ದಕ್ಕೆಲ್ಲ ಹೂಂ, ಹಾಂ ಎಂದೆ. ನಮ್ಮ ಶಿರಾದಲ್ಲಿ ದ್ರಾಕ್ಷಿ ಹುಡುಕಲು ಟಾರ್ಚು ಬೇಕು ಎಂದು ಹುಡುಗ ತಮಾಷೆ ಮಾಡಿದ. ನನಗೆ ನಿಜಕ್ಕೂ ನಗು ಬಂದಿತ್ತು. ತುಟಿ ಕಚ್ಚಿಕೊಂಡು ಒಳಗೆ ಎದ್ದು ಹೋದೆ. ಅವನು ನನಗೆ ತುಂಬಾ ಇಷ್ಟವಾಗಿದ್ದ. ಇದನ್ನು ಈಗ ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಮೂರು ದಿನ ಬಿಟ್ಟು ಸಂಬಂಧ ತಂದವರ ಫೋನ್ ಬಂತು. ಹುಡುಗಿಗೆ ಜಂಬ, ಮುಖದಲ್ಲಿ ಒಂದು ನಗುವಿಲ್ಲ, ಬೇಡವಂತೆ. ಹಲ್ಲಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ನೋಡಿದ್ದರೆ ತಾನೇ?

ಊರಿಗೆ ಬಂದಿದ್ದ ಅಪ್ಪಯ್ಯ ಫೋನಿಟ್ಟು ನನ್ನ ಕಡೆ ತಿರುಗಿದರು.

"ಒಂಚೂರ್ ನೆಗಾಡುಕ್ ಆಯ್ಲಿಲ್ಯಾ ನಿಂಗೆ?"

ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಹತ್ತು ವರ್ಷದ್ದೆಲ್ಲ ಸೇರಿಸಿ ಬೈದುಬಿಡಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿಗೆ ನನ್ನ ಕೈಯೇ ಅಡ್ಡ ಬಂತು.