ನಕ್ಷೆಯಲ್ಲಿದ್ದ ಒರತೆ

ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ದೇವರ ಗೂಡಿನ ಪಕ್ಕ ಹಳೆಯ ಸರ್ವೆ ನಕ್ಷೆಯೊಂದು ತೂಗುತ್ತಿತ್ತು. ಬಟ್ಟೆಗೆ ಅಂಟಿಸಿದ ಕಾಗದ. ನನ್ನ ಯಜಮಾನರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು. ಗುಜರಿಯಲ್ಲಿ ಸಿಕ್ಕಿದ್ದನ್ನು ತಂದಿದ್ದರು. ಕಂದು ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ಬಯಲು ಎಂದು ನನಗೂ ಓದಲು ಕಲಿಸಿದರು. ಸಂಡೂರು ಬೆಟ್ಟದ ಬುಡದಲ್ಲಿದ್ದ ನಮ್ಮತ್ತೆಯ ತವರೂರು ಅದರಲ್ಲಿತ್ತು. ಊರ ಮೇಲೆ, ಗೆರೆಗಳು ಒತ್ತಾದಲ್ಲಿ, ಒಂದು ನೀಲಿ ಚುಕ್ಕೆ. ಅದು ಅವರ ಮನೆದೇವರ ಒರತೆ. ಊರವರು ಕುಡಿಯುತ್ತಿದ್ದುದೂ ಅದೇ ನೀರು.

ಮೊಣಕಾಲು ಸೋತ ಮೇಲೆ ಅತ್ತೆಗೆ ಬೆಟ್ಟ ಹತ್ತಲಾಗಲಿಲ್ಲ. ಪ್ರತಿ ಸೋಮವಾರ ಸ್ನಾನ ಮಾಡಿ, ಹೋದ ವಾರದ ಕುಂಕುಮ ಒರೆಸಿ, ಒದ್ದೆ ಬೆರಳಿನಿಂದ ಹೊಸದನ್ನು ಆ ಚುಕ್ಕೆಗೇ ಹಚ್ಚಿ ಕೈಮುಗಿಯುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು.

ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲ. ಒಂದು ದಿನ ಅತ್ತೆಯ ತಮ್ಮ ಊರಿಂದ ಬಂದರು. ಗಣಿ ಒರತೆಯ ಹತ್ತಿರ ಬಂದಿತ್ತು. ಅಲ್ಲಿ ಒರತೆಯೇ ಇಲ್ಲ ಎಂದು ಗಣಿಯವರ ವಾದ. ಇದ್ದರೆ ಹಳೆಯ ದಾಖಲೆ ತೋರಿಸಿ ಎಂದು ಕಚೇರಿಯಲ್ಲಿ ಹೇಳಿದ್ದರಂತೆ.

"ಅಳಿಯಾ, ನಿನ್ನ ನಕ್ಷಾ ಒಂದ ನಮ್ಗ ಗತಿ ನೋಡಪ್ಪ."

ಯಜಮಾನರು ನಕ್ಷೆ ಇಳಿಸಿ ಕುಂಕುಮ ಒರೆಸಿದರು. ಕೆಳಗೆ ನೀಲಿ ಇರಲಿಲ್ಲ. ಕಾಗದ ಸವೆದು ಬಟ್ಟೆಯ ಎಳೆ ಕೆಂಪಗೆ ಕಾಣುತ್ತಿತ್ತು.

"ಅಕ್ಕಾ, ಗಣಿಯವ್ರಿಗಿಂತ ಮೊದ್ಲ ನೀನ ತೋಡಿ ಮುಗ್ಸೀಯಲ್ಲ!" ಎಂದು ತಮ್ಮ ನಗಲು ಹೋದರು.

"ಸುಮ್ನಿರಲೇ," ಎಂದ ಅತ್ತೆ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡರು.

ಆದರೂ ಯಜಮಾನರು, ಅತ್ತೆಯ ತಮ್ಮ ಇಬ್ಬರೂ ನಕ್ಷೆಯನ್ನು ಕಚೇರಿಗೆ ಒಯ್ದರು. ಅಧಿಕಾರಿ ಬೆಳಕಿಗೆ ಹಿಡಿದು, "ಇಲ್ಲಿ ತೂತೈತಲ್ರೀ, ಒರತಿ ಎಲ್ಲೈತಿ?" ಎಂದು ಕೇಳಿ ವಾಪಸು ಕೊಟ್ಟರಂತೆ.

ಮಳೆಗಾಲದ ಹೊತ್ತಿಗೆ ಒರತೆ ಹೋಯಿತು. ಆ ಊರಿಗೆ ಟ್ಯಾಂಕರಿನ ನೀರು ಬರತೊಡಗಿತು. ಅತ್ತೆ ಅದನ್ನು ಕಣ್ಣಾರೆ ನೋಡಲಿಲ್ಲ. ಆ ಮೊಣಕಾಲು ನೋವು ಅವರನ್ನು ಅಲ್ಲಿಗೆ ಹೋಗಗೊಡಲಿಲ್ಲವಲ್ಲ ಎಂದು ಅಂದು ದೇವರಿಗೆ ಕೈಮುಗಿದೆ.

ನಕ್ಷೆಯನ್ನು ಮತ್ತೆ ತೂಗುಹಾಕಲು ಹೋದಾಗ ಅತ್ತೆ ತಡೆದರು. "ಬ್ಯಾಡವ್ವ, ಪೆಟ್ಟಿಗ್ಯಾಗ ಇಡು. ಉಳಿದ ಗುಡ್ಡನಾದ್ರೂ ಉಳೀಲಿ."

ಗೋಡೆಯ ತುಂಬ ಅದಿರಿನ ಕೆಂಪು ಧೂಳು. ನಕ್ಷೆ ಇದ್ದಷ್ಟು ಜಾಗ ಮಾತ್ರ ಬಿಳಿ. ಸೋಮವಾರ ಅತ್ತೆ ಒದ್ದೆ ಬೆರಳಿಗೆ ಕುಂಕುಮ ತೆಗೆದುಕೊಂಡು ಆ ಬಿಳಿಯ ಮೇಲೆ ಕೈ ಆಡಿಸಿದರು.

"ಇಲ್ಲೇ ಅಲ್ಲೇನವ್ವ?"

"ಒಂಚೂರು ಮ್ಯಾಲ ಹಚ್ಚ್ರಿ ಅತ್ತಿ," ಎಂದೆ. "ಅಲ್ಲಿ ಏರು ಭಾಳ ಇತ್ತು."